ಓದುಗರ ಪ್ರಶ್ನೆ: ನಿಂತ ರಿಯಾಕ್ಟರಿಗೂ ವಿದ್ಯುತ್ ಬೇಕೆ?

ಪ್ರಶ್ನೆ: ಪರಮಾಣು ಸ್ಥಾವರ ತಾನೇ ವಿದ್ಯುತ್ ಉತ್ಪಾದಿಸುತ್ತದೆ. ಹಾಗಿದ್ದೂ ಅಲ್ಲಿ ಸಾಲುಸಾಲು ಡೀಸೆಲ್ ಜನರೇಟರುಗಳು ಯಾಕೆ? ಏನಾದರೂ ಎಡವಟ್ಟಾದರೆ ರಿಯಾಕ್ಟರನ್ನು ನಿಲ್ಲಿಸಿಬಿಟ್ಟರೆ ಸಾಲದೆ?

ಉತ್ತರ: ಸಾಲದು. ನ್ಯೂಟ್ರಾನುಗಳನ್ನು ಹೀರುವ ನಿಯಂತ್ರಣ ಸರಳುಗಳು ಒಳಗಿಳಿದರೆ ಯುರೇನಿಯಂ ಸೀಳುವ ಸರಣಿ ಕ್ರಿಯೆ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಸೀಳಿ ಉಳಿದ ಚೂರುಗಳು ವಿಕಿರಣ ಸೂಸುತ್ತ ಬಿಸಿಯಾಗುತ್ತಲೇ ಇರುತ್ತವೆ. ಆ ಶಾಖಕ್ಕೆ ಸ್ವಿಚ್ಚಿಲ್ಲ. ಅದನ್ನು ಹೊರಹಾಕಲು ಪಂಪುಗಳು ನೀರು ಹರಿಸುತ್ತಲೇ ಇರಬೇಕು. ನಿಂತ ರಿಯಾಕ್ಟರ್ ತಾನು ವಿದ್ಯುತ್ ಕೊಡದು, ಹೊರಗಿನ ವಿದ್ಯುತ್ತೂ ಕೈಕೊಟ್ಟರೆ ಡೀಸೆಲ್ ಜನರೇಟರೇ ಗತಿ.

ಲೆಕ್ಕ ನೋಡಿ. 1,000 ಮೆಗಾವ್ಯಾಟ್ ವಿದ್ಯುತ್ ಕೊಡುವ ರಿಯಾಕ್ಟರಿನೊಳಗೆ ಹುಟ್ಟುವ ಶಾಖ ಸುಮಾರು 3,000 ಮೆಗಾವ್ಯಾಟ್. ನಿಲ್ಲಿಸಿದ ಕ್ಷಣಕ್ಕೆ ಅದರಲ್ಲಿ ಶೇ. 6–7ರಷ್ಟು, ಅಂದರೆ 200 ಮೆಗಾವ್ಯಾಟ್ ಆಸುಪಾಸು ಉಳಿದಿರುತ್ತದೆ. ಒಂದು ಗಂಟೆ ಕಳೆದ ಮೇಲೆ ಅದು ಶೇ. 1.5ರ ಹತ್ತಿರಕ್ಕೆ, ಒಂದು ದಿನದ ಮೇಲೆ ಶೇ. 0.5ಕ್ಕೆ ಇಳಿಯುತ್ತದೆ. ಈ ಅರ್ಧ ಶೇಕಡಾವೇ 15 ಮೆಗಾವ್ಯಾಟ್. ಗಂಟೆಗೆ 20 ಟನ್ನಿಗೂ ಹೆಚ್ಚು ನೀರನ್ನು ಆವಿ ಮಾಡುವಷ್ಟು ಶಾಖ!

ಪಂಪು ನಿಂತರೆ ನೀರು ಕುದಿದು ಮಟ್ಟ ಇಳಿಯುತ್ತದೆ, ಇಂಧನದ ಕೊಳವೆಗಳು ಬಯಲಾಗುತ್ತವೆ. ಅವುಗಳ ಹೊದಿಕೆ ಜಿರ್ಕೋನಿಯಂ ಮಿಶ್ರಲೋಹ. ಸುಮಾರು 1,200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಹಬೆಯೊಡನೆ ರಭಸದಿಂದ ವರ್ತಿಸಿ ಹೈಡ್ರೋಜನ್ ಬಿಡುತ್ತದೆ, ಜೊತೆಗೆ ಇನ್ನಷ್ಟು ಶಾಖವನ್ನೂ ಹುಟ್ಟಿಸುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದಾಯ್-ಇಚಿ ಸ್ಥಾವರದಲ್ಲಿ ಓಡುತ್ತಿದ್ದ ಮೂರೂ ರಿಯಾಕ್ಟರುಗಳು ಭೂಕಂಪವಾದೊಡನೆ ಸರಿಯಾಗಿಯೇ ನಿಂತವು. ಹೊರಗಿನ ತಂತಿ ಕಡಿದಾಗ ಡೀಸೆಲ್ ಎಂಜಿನುಗಳೂ ಚಾಲೂ ಆದವು. ಒಂದು ಗಂಟೆಯೊಳಗೆ ಬಂದ ಸುನಾಮಿ ನೆಲಮಾಳಿಗೆಯಲ್ಲಿದ್ದ ಎಂಜಿನು, ಸ್ವಿಚ್‌ಬೋರ್ಡುಗಳನ್ನು ಮುಳುಗಿಸಿತು. ಆಮೇಲೆ ಕಟ್ಟಡಗಳ ಚಾವಣಿ ಹಾರಿಸಿದ್ದು ಹೈಡ್ರೋಜನ್. ಅಣುಬಾಂಬಿನ ಬಗೆಯ ಸ್ಫೋಟವಲ್ಲ.

ಆದ್ದರಿಂದ ಯಾವುದೇ ಸ್ಥಾವರದ ಬಗ್ಗೆ ಗೋಡೆ ಎಷ್ಟು ದಪ್ಪ ಎಂದು ಕೇಳುವ ಮೊದಲು, ಡೀಸೆಲ್ ಎಂಜಿನ್ ಎಷ್ಟು ಎತ್ತರದಲ್ಲಿದೆ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಪಂಪಿಲ್ಲದೆ ತಾನಾಗಿ ಇಳಿದು ಬರುವ ನೀರು ಎಷ್ಟಿದೆ ಎಂದು ಕೇಳಿ.

ಪ್ರಶ್ನೆ: ಮಧ್ಯಾಹ್ನ ಸೌರವಿದ್ಯುತ್ ಧಾರಾಳವಾಗಿರುವಾಗ ರಿಯಾಕ್ಟರ್ ಆರಿಸಿ, ಸಂಜೆ ಮತ್ತೆ ಹಚ್ಚಬಾರದೇಕೆ?

ಉತ್ತರ: ಕ್ಸೆನಾನ್-135 ಬಿಡುವುದಿಲ್ಲ. ಇದು ಸರಣಿ ಕ್ರಿಯೆಯನ್ನು ನಡೆಸುವ ನ್ಯೂಟ್ರಾನುಗಳನ್ನು ಕಬಳಿಸುವ ಅನಿಲ. ರಿಯಾಕ್ಟರ್ ಓಡುತ್ತಿರುವಾಗ ಹುಟ್ಟಿದಷ್ಟೂ ಕರಗುತ್ತಿರುತ್ತದೆ. ನಿಲ್ಲಿಸಿದರೆ ಕರಗಿಸಲು ನ್ಯೂಟ್ರಾನುಗಳಿಲ್ಲ, ಆದರೆ ಯುರೇನಿಯಂ ಸೀಳಿ ಉಳಿದ ಚೂರುಗಳಲ್ಲೊಂದಾದ, 6.6 ಗಂಟೆಗೊಮ್ಮೆ ಅರ್ಧಕ್ಕಿಳಿಯುವ ಅಯೋಡಿನ್-135 ಹೊಸ ಕ್ಸೆನಾನನ್ನು ಹುಟ್ಟಿಸುತ್ತಲೇ ಇರುತ್ತದೆ. ನಿಲ್ಲಿಸಿ ಸುಮಾರು ಹತ್ತು ಗಂಟೆ ಕಳೆದಾಗ ಕ್ಸೆನಾನ್ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಇಂಧನ ಹಳತಾಗಿದ್ದರೆ ಮತ್ತೆ ಚಾಲೂ ಮಾಡಲು ಒಂದೆರಡು ದಿನ ಕಾಯಬೇಕಾದೀತು. ಕಾಯದೆ ಸರಳುಗಳನ್ನು ಮಿತಿಮೀರಿ ಹೊರಗೆಳೆದರೆ ಏನಾಗಬಹುದು ಎಂಬುದಕ್ಕೆ 1986ರ ಚೆರ್ನೋಬಿಲ್ ಸ್ಥಾವರದ ದುರಂತವಿದೆ (ಅಲ್ಲಿನ ವಿನ್ಯಾಸದ ದೋಷವೂ ಸೇರಿಕೊಂಡಿತ್ತು).

ಪೂರ್ತಿ ಆರಿಸದೆ ತಗ್ಗಿಸಬಹುದು. ಫ್ರಾನ್ಸಿನಲ್ಲಿ ಹಾಗೇ ಮಾಡುತ್ತಾರೆ. ಆದರೆ ಖರ್ಚಿನ ದೊಡ್ಡ ಪಾಲು ಸ್ಥಾವರ ಕಟ್ಟುವುದರಲ್ಲೇ ಆಗಿಹೋಗಿರುವುದರಿಂದ, ತಗ್ಗಿಸಿ ಉಳಿಸುವ ಇಂಧನದ ಬೆಲೆ ಅಲ್ಪ. ಒಂದೇ ಸಮನೆ ಓಡಿಸಿದರೇ ಲಾಭ.

ಪ್ರಶ್ನೆ: ದೊಡ್ಡ ಗೋಪುರಗಳಿಂದ ಏಳುವ ಬಿಳಿ ಹೊಗೆಯಲ್ಲಿ ವಿಕಿರಣವಿದೆಯೆ?

ಉತ್ತರ: ಅದು ಹೊಗೆಯಲ್ಲ, ನೀರಾವಿ. ರಿಯಾಕ್ಟರನ್ನು ಮುಟ್ಟಿದ ನೀರು ಬೇರೆ, ಗೋಪುರಕ್ಕೆ ಹೋಗುವ ನೀರು ಬೇರೆ. ನಡುವೆ ಕೊಳವೆಯ ಗೋಡೆಯಿದೆ. ನಾನು ಚಿಂತೆ ಮಾಡುವುದಾದರೆ ನೀರಿನ ಪ್ರಮಾಣದ ಬಗ್ಗೆ ಮಾಡುತ್ತೇನೆ: ಹುಟ್ಟಿದ ಶಾಖದ ಮೂರನೇ ಒಂದಂಶ ಮಾತ್ರ ವಿದ್ಯುತ್ತಾಗುತ್ತದೆ, ಮಿಕ್ಕಿದ್ದನ್ನು ಹೊರಹಾಕಲು ಯೂನಿಟ್ಟಿಗೆ ಎರಡು–ಎರಡೂವರೆ ಲೀಟರ್ ಆವಿಯಾಗುತ್ತದೆ. ಗೋಪುರವಿಲ್ಲದೆ ಬಿಸಿನೀರನ್ನು ನೇರ ನದಿಗೇ ಬಿಡುವ ಕಡೆ, ಕಡು ಬೇಸಿಗೆಯಲ್ಲಿ ಮೀನುಗಳನ್ನು ಉಳಿಸಲು ಉತ್ಪಾದನೆ ತಗ್ಗಿಸಬೇಕಾಗುತ್ತದೆ. ಇಂಗಾಲದ ಲೆಕ್ಕದಲ್ಲಿ ಮಾತ್ರ ತಕರಾರಿಲ್ಲ. ಗಣಿಯಿಂದ ಕೆಡಹುವವರೆಗಿನ ಎಲ್ಲವನ್ನೂ ಸೇರಿಸಿ 2014ರಲ್ಲಿ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಸಮಿತಿ) ಕೊಟ್ಟ ಮಧ್ಯಮ ಅಂದಾಜು ಯೂನಿಟ್ಟಿಗೆ 12 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ, ಕಲ್ಲಿದ್ದಲಿಗೆ 820.