‘ವೇಟ್ ಅಂಟಿಲ್ ಡಾರ್ಕ್’ ಚಿತ್ರ ಈಗಲೂ ನೋಡುವಂತಿದೆಯಾ?

1967ರ ಈ ಹಾಲಿವುಡ್ ಸಸ್ಪೆನ್ಸ್ ಚಿತ್ರವನ್ನು ಖಂಡಿತ ನೋಡಿ. ಮೊದಲ ಭಾಗಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು.

ಹೆರಾಯಿನ್ ಬಚ್ಚಿಟ್ಟ ಗೊಂಬೆಯೊಂದನ್ನು ಹುಡುಕಿಕೊಂಡು ಮೂವರು ಪಾತಕಿಗಳು ಕಣ್ಣು ಕಾಣದ ಸೂಸಿಯ ಮನೆಗೆ ಬರುತ್ತಾರೆ. ಹೆಚ್ಚುಕಮ್ಮಿ ಇಡೀ ಕಥೆ ನ್ಯೂಯಾರ್ಕಿನ ಆ ಒಂದೇ ಮನೆಯಲ್ಲಿ ನಡೆಯುತ್ತದೆ. ಮೂಲ ಫ್ರೆಡರಿಕ್ ನಾಟ್ ಬರೆದ ನಾಟಕ, ಹಾಗಾಗಿ ಮಾತು ಜಾಸ್ತಿ. ಒಂಟಿ ಹೆಂಗಸನ್ನು ನೇರವಾಗಿ ಬೆದರಿಸುವುದು ಬಿಟ್ಟು ಈ ಕಳ್ಳರು ಅಷ್ಟೊಂದು ನಾಟಕ ಆಡುವುದು ಯಾಕೆ? ಇದಕ್ಕೆ ನನಗೆ ಒಪ್ಪುವಂಥ ಕಾರಣ ಸಿಗಲಿಲ್ಲ.

ಆದರೆ ಕೊನೆಯ ಭಾಗ ಅದೆಲ್ಲವನ್ನೂ ಮರೆಸುತ್ತದೆ. ಸೂಸಿ ಬಲ್ಬುಗಳನ್ನು ಒಡೆದುಹಾಕುತ್ತಾಳೆ. ಕತ್ತಲಲ್ಲಿ ಓಡಾಡುವುದು ಅವಳಿಗೆ ಗೊತ್ತು, ಬಂದವನಿಗೆ ಗೊತ್ತಿಲ್ಲ. ಎಂಥಾ ಒಳ್ಳೆಯ ಉಪಾಯ ಅಲ್ವಾ? ಆಡ್ರೆ ಹೆಪ್‌ಬರ್ನ್ ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದರು. ನನ್ನನ್ನು ನಿಜಕ್ಕೂ ಹೆದರಿಸಿದ್ದು ಮಾತ್ರ ಮೆಲುದನಿಯ ಖಳ ಅಲನ್ ಆರ್ಕಿನ್. ಸಂಗೀತ ಸಂಯೋಜಕ ಹೆನ್ರಿ ಮ್ಯಾನ್ಸಿನಿ ಎರಡು ಪಿಯಾನೊಗಳನ್ನು ಬೇಕೆಂದೇ ಶ್ರುತಿ ತಪ್ಪಿಸಿ ಬಳಸಿದ್ದಾರೆ. ಕೇಳಿದರೆ ಸುಮ್ನೆ ಮೈ ಜುಮ್ಮೆನ್ನುತ್ತದೆ.

ರಾತ್ರಿ ಲೈಟ್ ಆರಿಸಿ ನೋಡಿ. ಆಗ ಥಿಯೇಟರುಗಳಲ್ಲೂ ಕೊನೆಯ ಭಾಗ ಬಂದಾಗ ದೀಪ ತಗ್ಗಿಸುತ್ತಿದ್ದರು.