ಮನೆಯ ವಿಕಿರಣ ಮಾಪಕದ ಎಣಿಕೆ ರಾತ್ರೋರಾತ್ರಿ ಇಮ್ಮಡಿಯಾಗಿದೆ. ಟ್ಯೂಬ್ ಬದಲಿಸಬೇಕೇ, ಕ್ಯಾಲಿಬ್ರೇಷನ್ ಮಾಡಬೇಕೇ?

ಎರಡನ್ನೂ ಮಾಡಬೇಡಿ. ನಿಮಿಷಕ್ಕೆ 25ರ ಆಸುಪಾಸಿನಲ್ಲಿರುತ್ತಿದ್ದ ಎಣಿಕೆ ಮಳೆಯ ರಾತ್ರಿ 50 ದಾಟಿತೆಂದು ಬರೆದಿದ್ದೀರಿ. ನನ್ನ ಮಾಪಕವೂ ಒಂದು ಜೋರು ಮಳೆಯಲ್ಲಿ ಹೀಗೆಯೇ ಏರಿತ್ತು. ಉಪಕರಣ ಕೆಟ್ಟಿದೆಯೆಂದು ನಿಮ್ಮಂತೆಯೇ ನಂಬಿದ ನಾನು ಮುಚ್ಚಳ ಬಿಚ್ಚಿ, ಚೆನ್ನಾಗಿದ್ದ ಗೈಗರ್ ಟ್ಯೂಬನ್ನು (ವಿಕಿರಣ ಹೊಕ್ಕು ಡಿಸ್ಚಾರ್ಜ್ ಆದಾಗಲೆಲ್ಲ ಒಂದು ಎಣಿಕೆ ಕೊಡುವ ಕೊಳವೆ) ಕೈಯಾರೆ ಹಾಳುಮಾಡಿದೆ.

ಹಾಳುಮಾಡಿದ ಬಗೆಯನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಚ್ಚಳ ಬಿಚ್ಚಿದವರು ಮೊದಲು ಮಾಡುವ ಕೆಲಸವೇ ಅದು. ನನ್ನ ಟ್ಯೂಬಿಗೆ ಸುಮಾರು 400 ವೋಲ್ಟ್ ಬೇಕು. ಮಲ್ಟಿಮೀಟರಿನಿಂದ ಅಳೆದರೆ ಅದಕ್ಕಿಂತ ಬಹಳ ಕಡಿಮೆ ತೋರಿಸಿತು. ದೋಷ ಸಿಕ್ಕಿತೆಂಬ ಉತ್ಸಾಹದಲ್ಲಿ, ವೋಲ್ಟೇಜ್ ತಗ್ಗಿದರೆ ಎಣಿಕೆ ಇಳಿಯಬೇಕೇ ಹೊರತು ಏರಬಾರದು ಎಂಬುದು ಕೂಡ ಹೊಳೆಯಲಿಲ್ಲ. ಈ ಹೈವೋಲ್ಟೇಜ್ ಸರ್ಕ್ಯೂಟ್ ಕೊಡಬಲ್ಲ ಕರೆಂಟ್ ಎಷ್ಟು ಅಲ್ಪವೆಂದರೆ, 10 ಮೆಗಾಓಮ್ ಒಳರೋಧದ ಸಾಮಾನ್ಯ ಮಲ್ಟಿಮೀಟರ್ ತಾಗಿಸಿದೊಡನೆ ವೋಲ್ಟೇಜೇ ಕುಸಿಯುತ್ತದೆ. ಮೀಟರ್ ತೋರಿಸುವುದು ತಾನೇ ಕುಗ್ಗಿಸಿದ ವೋಲ್ಟೇಜನ್ನು. ನಾನು ಮೀಟರಿನಲ್ಲಿ 400 ಕಾಣುವವರೆಗೆ ವೋಲ್ಟೇಜ್ ಹೊಂದಿಸುವ ಪುಟ್ಟ ತಿರುಪನ್ನು (ಪ್ರೀಸೆಟ್) ತಿರುಗಿಸಿದೆ. ಮೀಟರ್ ತೆಗೆದ ಮರುಕ್ಷಣ ಟ್ಯೂಬಿನ ಮೇಲಿದ್ದ ನಿಜವಾದ ವೋಲ್ಟೇಜ್ ಅದರ ಮಿತಿಯನ್ನು ದಾಟಿತ್ತು. ಟ್ಯೂಬ್ ವಿಕಿರಣದ ಹಂಗಿಲ್ಲದೆ ತಾನಾಗಿಯೇ ಡಿಸ್ಚಾರ್ಜ್ ಆಗತೊಡಗಿ ಎಣಿಕೆ ಸಾವಿರಗಳಿಗೆ ಹಾರಿದಾಗ, ಅಪಾಯ ಹೆಚ್ಚುತ್ತಿದೆಯೆಂದು ಗಾಬರಿಗೊಂಡು ರಾತ್ರಿಯಿಡೀ ಅದನ್ನು ಚಾಲೂ ಇಟ್ಟು ಶ್ರದ್ಧೆಯಿಂದ ದಾಖಲೆ ಬೇರೆ ಮಾಡಿಕೊಂಡೆ! ಟ್ಯೂಬಿನ ಕಥೆ ಅಲ್ಲಿಗೆ ಮುಗಿಯಿತು. ಹೊಸದನ್ನು ಹಾಕಿಸಬಹುದು, ಹಾಕಿಸಿದೆ. ಆದರೆ ಹಳೆಯ ಟ್ಯೂಬಿನ ದಾಖಲೆಯ ಜೊತೆ ಹೊಸದರ ಎಣಿಕೆಯನ್ನು ನೇರವಾಗಿ ಹೋಲಿಸುವಂತಿರಲಿಲ್ಲ.

ಅಸಲಿಗೆ ಆ ಮಾಪಕ ಸರಿಯಾಗಿಯೇ ಇತ್ತು. ನೆಲದಿಂದ ಹೊರಬರುವ ರೇಡಾನ್ ಎಂಬ ವಿಕಿರಣಶೀಲ ಅನಿಲವು ಗಾಳಿಯಲ್ಲಿ ಕ್ಷಯಿಸಿದಾಗ ಹುಟ್ಟುವ ಸೀಸ-214 ಮತ್ತು ಬಿಸ್ಮತ್-214 ಎಂಬ ವಿಕಿರಣಶೀಲ ಪರಮಾಣುಗಳು ಗಾಳಿಯ ಸೂಕ್ಷ್ಮ ಕಣಗಳಿಗೆ ಅಂಟಿಕೊಂಡು ತೇಲುತ್ತಿರುತ್ತವೆ, ಮಳೆ ಅವನ್ನು ತೊಳೆದು ಕೆಳಗಿಳಿಸುತ್ತದೆ. ಅವುಗಳ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಸಮಯ, ಸುಮಾರು 27 ಮತ್ತು 20 ನಿಮಿಷಗಳಾದ್ದರಿಂದ, ಮಳೆ ನಿಂತ ಎರಡು ಮೂರು ಗಂಟೆಗಳಲ್ಲಿ ಎಣಿಕೆ ಬಹುತೇಕ ಹಿಂದಿನ ಮಟ್ಟಕ್ಕೆ ಮರಳುತ್ತದೆ. ನಿಮ್ಮ ದಾಖಲೆಯಲ್ಲಿ ಈ ಇಳಿತ ಕಂಡರೆ ಉಪಕರಣವನ್ನು ದೂರುವುದಕ್ಕೆ ಕಾರಣವೇ ಇಲ್ಲ. ಮಳೆಯಿಲ್ಲದ ದಿನವೂ ಮುಚ್ಚಿದ ಕೋಣೆಯಲ್ಲಿ ರಾತ್ರಿ ಏರಿ ಕಿಟಕಿ ತೆರೆದ ಮೇಲೆ ಇಳಿದರೆ, ಆಗಲೂ ಮೊದಲು ಅನುಮಾನಿಸಬೇಕಾದದ್ದು ರೇಡಾನನ್ನೇ.

ಇನ್ನೊಂದು ಮಾತು: ಒಂದು ನಿಮಿಷದ ಸಂಖ್ಯೆಯನ್ನು ನಂಬಬೇಡಿ. 25 ಎಣಿಕೆಯಲ್ಲಿ ಅದರ ವರ್ಗಮೂಲದಷ್ಟು, ಅಂದರೆ 5ರಷ್ಟು, ಏರಿಳಿತ ಸಹಜ; ಹತ್ತು ನಿಮಿಷ ಎಣಿಸಿ 250 ಬಂದರೆ ಏರಿಳಿತ ಒಟ್ಟು 16ರಷ್ಟು, ಅಂದರೆ ನಿಮಿಷಕ್ಕೆ 2ಕ್ಕೂ ಕಡಿಮೆ. ಆದರೂ 25 ಇದ್ದದ್ದು 50ರಲ್ಲಿ ನಿಂತಿತೆಂದರೆ ಅದು ಆಕಸ್ಮಿಕವಲ್ಲ, ಅಲ್ಲಿ ನಿಮ್ಮ ಸಂಶಯ ಸರಿಯಾಗಿದೆ. ಪರದೆಯ ಮೇಲೆ ದೇಹಕ್ಕೆ ತಗಲುವ ವಿಕಿರಣದ ಪ್ರಮಾಣವೆಂದು ಕಾಣುವ ಮೈಕ್ರೋಸೀವರ್ಟ್ ಅಂಕಿಯನ್ನು ಸದ್ಯಕ್ಕೆ ಬದಿಗಿಡಿ. ಅಂಥ ಮಾಪಕಗಳಲ್ಲಿ ಅದು ಸಾಮಾನ್ಯವಾಗಿ ಸೀಸಿಯಂ-137 ಎಂಬ ಬೇರೆಯೇ ವಿಕಿರಣ ಮೂಲಕ್ಕೆ ಹೊಂದಿಸಿದ ಗುಣಾಂಕದಿಂದ ಎಣಿಕೆಯನ್ನು ಗುಣಿಸಿ ಬಂದದ್ದು.

ಗಾಜಿನ ಟ್ಯೂಬಾದರೆ ಬಿಸಿಲು ಬಿದ್ದಾಗಲೂ ಸುಳ್ಳು ಎಣಿಕೆ ಬರಬಹುದು, ಕಪ್ಪು ಬಟ್ಟೆ ಮುಚ್ಚಿ ನೋಡಿ. ಮನೆಯಲ್ಲಿ ಯಾರಿಗಾದರೂ ಇತ್ತೀಚೆಗೆ ವಿಕಿರಣಶೀಲ ಅಯೋಡಿನ್-131 ಚಿಕಿತ್ಸೆ ಆಗಿದ್ದರೆ, ಅದರ ಅರ್ಧಾಯುಷ್ಯ 8 ದಿನವಾದ್ದರಿಂದ ಕೆಲವು ವಾರ ಅವರು ಹತ್ತಿರ ಬಂದಾಗಲೆಲ್ಲ ಮಾಪಕ ಏರಬಹುದು.

ಮಳೆ ನಿಂತು ಅರ್ಧ ದಿನವಾದರೂ ಎಣಿಕೆ ಇಳಿಯದಿದ್ದರೆ ಮಾಪಕವನ್ನು ಬೇರೆ ಕೋಣೆಗೆ ಒಯ್ಯಿರಿ: ಅಲ್ಲಿ ಇಳಿದರೆ ಕಾರಣವನ್ನು ಮೊದಲಿನ ಜಾಗದಲ್ಲಿ ಹುಡುಕಬೇಕು, ಇಳಿಯದಿದ್ದರೆ ಇನ್ನೊಂದು ಮಾಪಕವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಮುಚ್ಚಳ ಬಿಚ್ಚುವುದಿದ್ದರೆ ಅದಾದ ಮೇಲೆ. ಆಗಲೂ ಗಿಗಾಓಮ್ ಮಟ್ಟದ ರೋಧವಿರುವ ಹೈವೋಲ್ಟೇಜ್ ಪ್ರೋಬ್ ಇಲ್ಲದೆ ವೋಲ್ಟೇಜ್ ಅಳೆಯಲು ಹೋಗಬೇಡಿ.