ಮೊದಲ ಆಟೋಕ್ರಾಸಿಗೇ ಹೊಸ ಟಯರ್ ಬೇಕಾ?

ಆಟೋಕ್ರಾಸ್ ಅಂದರೆ ಕೋನ್ ಇಟ್ಟ ದಾರಿಯಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಕಾರು ಓಡಿಸುವ ಸ್ಪರ್ಧೆ. ಮಾಜ್ದಾ ಮಿಯಾಟಾ ಕಾರಿನಲ್ಲಿ ಮೊದಲ ಸೀಸನ್, ಈಗಲೇ ಹೊಸ ಟಯರ್ ಹಾಕಿಸಬೇಕಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. ಇರುವ ಟಯರಿನಲ್ಲಿ ಬಿರುಕಿಲ್ಲ, ಮೇಲಿನ ಗೀರುಗಳು ಸವೆದಿಲ್ಲ ಅಂದರೆ ನಾಲ್ಕೈದು ಸಲ ಅದರಲ್ಲೇ ಓಡಿಸಿ. ಸಾಧಾರಣ ಟಯರು ಜಾರುವ ಮುಂಚೆ ಕಿರ್ರ್ ಅಂತ ಹೇಳಿಯೇ ಜಾರುತ್ತೆ, ಕೈ ಪಳಗುವುದು ಅದರಲ್ಲೇ.

ಆಮೇಲೆ ಕೊಳ್ಳುವಾಗ, ಎಸ್‌ಸಿಸಿಎ (ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್) ಸ್ಪರ್ಧೆಯ ಸ್ಟ್ರೀಟ್ ಕ್ಲಾಸಿಗೆ ಟ್ರೆಡ್‌ವೇರ್, ಅಂದರೆ ಟಯರ್ ಎಷ್ಟು ನಿಧಾನ ಸವೆಯುತ್ತೆ ಅಂತ ಅದರ ಮೇಲೆ ಬರೆದಿರುವ ಅಂಕಿ, 200ಕ್ಕಿಂತ ಕಡಿಮೆ ಇರುವಂತಿಲ್ಲ. ಒಂದು ರನ್ ನಿಮಿಷದ ಆಚೀಚೆ ಮುಗಿಯುತ್ತೆ, ಹಾಗಾಗಿ ಟಯರು ಬೇಗ ಬಿಸಿಯಾಗಿ ಹಿಡಿತ ಕೊಡುವುದೇ ಮುಖ್ಯ. ಯೊಕೊಹಾಮಾ ಎ052 ಅಂಥದ್ದು. ಆದರೆ ಒಂದೇ ಕಾರನ್ನು ಇಬ್ಬರು ಓಡಿಸಿದರೆ ಆರಲು ಹೊತ್ತು ಸಿಗದೆ ಟಯರು ತೀರಾ ಬಿಸಿಯಾಗಿ ಹಿಡಿತ ಬಿಡುತ್ತೆ, ಅದಕ್ಕೆ ನೀರು ಚಿಮುಕಿಸುತ್ತಿರಬೇಕು.

ಟಯರಿನಲ್ಲಿ ಗಾಳಿ ಸಾಕಷ್ಟಿದೆಯಾ ನೋಡೋಕೆ ಸೀಮೆಸುಣ್ಣ ಸಾಕು. ಟಯರಿನ ಅಂಚಿನಿಂದ ಪಕ್ಕಕ್ಕೆ ಗೀಟು ಎಳೆದು ಒಂದು ರನ್ ಹೋಗಿಬನ್ನಿ. ಪಕ್ಕದಲ್ಲಿರುವ ಪುಟ್ಟ ತ್ರಿಕೋನದ ಗುರುತನ್ನೂ ದಾಟಿ ಸುಣ್ಣದ ಗೀಟು ಅಳಿಸಿಹೋಗಿದ್ದರೆ ಎರಡು ಪಿಎಸ್‌ಐ ಏರಿಸಿ.